ಹಾಸನದ ಕೋಪ ಹಿಡಿತದ ತರಗತಿ: ಎಂಟು ವಾರ ಹೋಗಿ ಬಂದ ಮೇಲೆ

ಆಲೂಗಡ್ಡೆ ಮೂಟೆ ಇಳಿಸುವಾಗ ಜಗಳ ಆಯ್ತು. ನಾನು ಹೊಡೆದೆ, ಎದುರಿಗಿದ್ದವರ ತುಟಿ ಸೀಳಿತು. ತಪ್ಪು ನನ್ನದೇ. 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕೋರ್ಟು ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಜೈಲಿಗೆ ಕಳಿಸದೆ ನನ್ನನ್ನು ಬಿಟ್ಟಿತು. ಪ್ರೊಬೇಷನ್ ಅಧಿಕಾರಿ ಹೇಳಿದ್ದಕ್ಕೆ ಈ ತರಗತಿಗೆ ಸೇರಿದೆ.

ಸುಮ್ನೆ ಬುದ್ಧಿ ಹೇಳಿ ಕಳಿಸುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಮೊದಲ ದಿನವೇ ಮೇಡಂ ಕೇಳಿದರು, “ಹೊಡೆಯೋ ಮುಂಚೆ ಮೈಯಲ್ಲಿ ಏನಾಗ್ತಿತ್ತು?” ಯಾರೂ ಕೇಳಿರಲಿಲ್ಲ. ನಿಧಾನಕ್ಕೆ ನೆನಪಾಯ್ತು. ಕಿವಿ ಬಿಸಿಯಾಗಿತ್ತು, ದವಡೆ ಬಿಗಿದಿತ್ತು, ಮುಷ್ಟಿ ಆಗಲೇ ಕಟ್ಟಿತ್ತು.

ಅಲ್ಲಿ ಕಲಿಸಿದ್ದು ಇದು: ಆ ಗುರುತು ಕಂಡ ಕೂಡಲೇ ಜಾಗ ಬಿಡಬೇಕು. ಆದರೆ ಹೇಳದೆ ಎದ್ದು ಹೋಗಬಾರದು. “ಅರ್ಧ ಗಂಟೆ ಬಿಟ್ಟು ಬರ್ತೀನಿ” ಅಂತ ಹೇಳಬೇಕು, ಹೇಳಿದ ಮೇಲೆ ಬರಲೇಬೇಕು. ಅಷ್ಟರಲ್ಲಿ ಕುಡಿಯುವಂತಿಲ್ಲ, ಗಾಡಿ ಓಡಿಸುವಂತಿಲ್ಲ. ಹೋದ ತಿಂಗಳು ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಹೀಗೇ ಹೇಳಿ ಕೆರೆ ಏರಿ ಮೇಲೆ ನಡೆದು ಬಂದೆ. ವಾಪಸ್ ಬಂದಾಗ ಹೆಂಡತಿ ಮುದ್ದೆ ಬಡಿಸಿಟ್ಟು ಕಾಯುತ್ತಿದ್ದಳು. ಮೊದಲೆಲ್ಲ ಇಂಥ ಹೊತ್ತಲ್ಲಿ ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು.

ಕೊರತೆ ಅಂದ್ರೆ ಸಮಯ. ಬುಧವಾರ ಬೆಳಗ್ಗೆ 11ಕ್ಕೆ ಇಟ್ಟರೆ ಕೂಲಿಯವರು ಹೇಗೆ ಬರುವುದು? ಅರಕಲಗೂಡಿನಿಂದ ಬರುತ್ತಿದ್ದ ಹುಡುಗ ಮೂರನೇ ವಾರಕ್ಕೆ ನಿಂತೇಬಿಟ್ಟ. ಅವನಿಗೇ ಜಾಸ್ತಿ ಬೇಕಿತ್ತು. ದಯವಿಟ್ಟು ಭಾನುವಾರ ಮಾಡಿ.

ತರಗತಿ ಮುಗಿದ ಮೇಲೆ ಕೇಳುವವರೂ ಇಲ್ಲ. ನಾನು ಎರಡು ಸಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.