ನಾಲ್ಕು ವರ್ಷ ಬಳಸಿದ ಮೇಲೆ: ಪಾಟ್ಸ್‌ಡಾಮ್‌ನ 9ನೇ ಪದಾತಿ ರೆಜಿಮೆಂಟಿನ ಚಾರ್ಟ್ ಮತ್ತು ಕಾರ್ಡ್ ಸೆಟ್

ತರಿಸಿಕೊಂಡ ವಾರದಲ್ಲೇ ಬರೆದಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. ನಾಲ್ಕು ವರ್ಷ ದಿನಾ ನೋಡಿದ ಮೇಲೆ ನಾಲ್ಕು ಕೊಡುತ್ತಿದ್ದೇನೆ. ಆದರೂ ಈ ಸೆಟ್ ನನಗೆ ತುಂಬಾ ಇಷ್ಟ, ಅದನ್ನ ಮೊದಲೇ ಹೇಳಿಬಿಡುತ್ತೇನೆ.

ಪೆಟ್ಟಿಗೆಯಲ್ಲಿ ಮೂರು ಸಾಮಾನು ಇರುತ್ತವೆ. ಗೋಡೆಗೆ ಹಾಕುವ ದೊಡ್ಡ ಚಾರ್ಟ್, ಕಂಪನಿಗೆ (ರೆಜಿಮೆಂಟಿನೊಳಗಿನ ಸಣ್ಣ ತುಕಡಿಗೆ) ಒಂದರಂತೆ ಕಾರ್ಡ್‌ಗಳು, ಒಂದು ತೆಳ್ಳಗಿನ ಪುಸ್ತಿಕೆ. ಎಲ್ಲವೂ ಜರ್ಮನ್ ಭಾಷೆಯಲ್ಲೇ. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಜರ್ಮನಿಗೆ ಉಳಿದ ಚಿಕ್ಕ ಸೇನೆಯ, ಅಂದರೆ ರೈಶ್‌ವೇರ್‌ನ, 21 ಪದಾತಿ ರೆಜಿಮೆಂಟುಗಳಲ್ಲಿ ಒಂದಾದ 9ನೇ ರೆಜಿಮೆಂಟ್ 1921ರ ಜನವರಿಯಿಂದ ಹೇಗೆ ಕಟ್ಟಲಾಗಿತ್ತು ಅನ್ನೋದೇ ವಿಷಯ. 7, 8, 9 ಈ ಮೂರೂ ಸೇರಿ 3ನೇ ಡಿವಿಷನ್‌ನ ಪದಾತಿ ದಳ. 9ರ ಮುಖ್ಯ ಕಚೇರಿ ಇದ್ದದ್ದು ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ.

ನಾನು ಆಗ ಬರ್ಲಿನ್‌ಗೆ ಕೆಲಸಕ್ಕೆ ಬಂದು ಹೊಸದು. ಹಳೆ ದಾಖಲೆ ಓದುವ ಹುಚ್ಚು ಮುಂಚಿನಿಂದಲೂ ಇತ್ತು. ಆದರೆ ಜರ್ಮನ್ ಸೇನೆಯ ಕಾಗದ ಹಿಡಿದರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ, ಯಾಕೆಂದರೆ ರೋಮನ್ ಅಂಕಿ ಇದ್ದರೆ ಅದು ಬೆಟಾಲಿಯನ್, ಸಾದಾ ಅಂಕಿ ಇದ್ದರೆ ಅದು ಕಂಪನಿ ಅನ್ನೋದನ್ನ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಚಾರ್ಟ್ ಒಂದು ಸಂಜೆಯಲ್ಲಿ ಅದನ್ನ ಕಲಿಸಿತು. ಒಂದು ರೆಜಿಮೆಂಟ್, ಮೂರು ಬೆಟಾಲಿಯನ್, ಒಂದೊಂದರಲ್ಲಿ ನಾಲ್ಕು ಕಂಪನಿ. ಕಂಪನಿಗಳ ಸಂಖ್ಯೆ ಬೆಟಾಲಿಯನ್ ಬದಲಾದರೂ 1ರಿಂದ ಶುರುವಾಗುವುದಿಲ್ಲ, ಉದ್ದಕ್ಕೂ 12ರವರೆಗೆ ಓಡುತ್ತದೆ. ನಾಲ್ಕನೆಯದು, ಎಂಟನೆಯದು, ಹನ್ನೆರಡನೆಯದು ಮಷಿನ್ ಗನ್ ಕಂಪನಿ. ಉಳಿದ ಒಂಬತ್ತು ರೈಫಲ್ ಕಂಪನಿ. ಹದಿಮೂರನೆಯದು ಮೋರ್ಟಾರ್ ಕಂಪನಿ, ಅದು ನೇರವಾಗಿ ರೆಜಿಮೆಂಟಿನ ಕೈಕೆಳಗೆ. ಇದರ ಜೊತೆಗೆ ಹೊಸಬರನ್ನ ತಯಾರು ಮಾಡುವ ಒಂದು ತರಬೇತಿ ಬೆಟಾಲಿಯನ್. ಇಷ್ಟು ತಲೆಯಲ್ಲಿ ಕೂತರೆ ಆ ಕಾಲದ ಯಾವ ಪದಾತಿ ರೆಜಿಮೆಂಟಿನ ಕಾಗದ ಸಿಕ್ಕರೂ ಓದಬಹುದು.

ನನಗೆ ತುಂಬಾ ಹಿಡಿಸಿದ್ದು ಕಾರ್ಡ್‌ಗಳ ಹಿಂಬದಿ. ಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಜರ್ಮನಿಯ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದದ ಅಂಕಿಗಳನ್ನ ಅಲ್ಲಿ ಹಾಕಿದ್ದಾರೆ. ಇಡೀ ಸೇನೆ 1,00,000 ಜನರನ್ನ ದಾಟುವಂತಿಲ್ಲ, ಅದರಲ್ಲಿ ಅಧಿಕಾರಿಗಳು 4,000ಕ್ಕಿಂತ ಜಾಸ್ತಿ ಇರುವಂತಿಲ್ಲ. ಒಂದು ಪದಾತಿ ರೆಜಿಮೆಂಟಿಗೆ ಹೆಚ್ಚೆಂದರೆ 70 ಅಧಿಕಾರಿಗಳು, 2,300 ಸೈನಿಕರು. ಒಂದು ಡಿವಿಷನ್‌ಗೆ 108 ಭಾರಿ ಮಷಿನ್ ಗನ್, 162 ಹಗುರ ಮಷಿನ್ ಗನ್. ಒಂದು ಭಾನುವಾರ ಕೂತು ಇದನ್ನ ಭಾಗಿಸಿ ನೋಡಿದೆ. 108ನ್ನ ಮೂರು ರೆಜಿಮೆಂಟಿಗೆ ಹಂಚಿದರೆ 36, ಅದನ್ನ ಮೂರು ಮಷಿನ್ ಗನ್ ಕಂಪನಿಗೆ ಹಂಚಿದರೆ ತಲಾ 12. 162ನ್ನ ಹಂಚಿದರೆ ರೆಜಿಮೆಂಟಿಗೆ 54, ಒಂಬತ್ತು ರೈಫಲ್ ಕಂಪನಿಗೆ ತಲಾ 6. ಒಂದೂ ಮಿಕ್ಕುವುದಿಲ್ಲ! ಗೆದ್ದ ದೇಶಗಳು ಸುಮ್ನೆ ಒಂದು ದೊಡ್ಡ ಸಂಖ್ಯೆ ಬರೆದು ಕೈ ತೊಳೆದುಕೊಂಡಿರಲಿಲ್ಲ, ಕಂಪನಿ ಕಂಪನಿ ಲೆಕ್ಕ ಹಾಕಿಯೇ ಕೂತಿದ್ದರು ಅಂತ ನನಗೆ ಆಗ ಗೊತ್ತಾಯಿತು.

ಸೈನಿಕ ಸೇರಿದರೆ 12 ವರ್ಷ, ಅಧಿಕಾರಿಯಾದರೆ 25 ವರ್ಷ ಇರಲೇಬೇಕು ಅನ್ನುವ ಷರತ್ತನ್ನೂ ಪುಸ್ತಿಕೆ ಚೆನ್ನಾಗಿ ಬಿಡಿಸಿ ಹೇಳುತ್ತದೆ. ನೂರು ವರ್ಷ ಮುಂಚೆ ನೆಪೋಲಿಯನ್ ಜರ್ಮನ್ ರಾಜ್ಯವಾದ ಪ್ರಷ್ಯಾದ ಸೇನೆಗೆ 42,000ದ ಮಿತಿ ಹಾಕಿದಾಗ ಅವರು ಜನರನ್ನ ಸ್ವಲ್ಪ ಕಾಲ ತರಬೇತಿ ಕೊಟ್ಟು ಮನೆಗೆ ಕಳಿಸಿ, ಅವರ ಜಾಗಕ್ಕೆ ಹೊಸಬರನ್ನ ತಂದು, ಗುಟ್ಟಾಗಿ ಮೀಸಲು ಪಡೆ ಬೆಳೆಸಿದ್ದರು. ಅದು ಮತ್ತೆ ಆಗಬಾರದು ಅಂತ ಈ 12 ವರ್ಷ. ಅವಧಿ ಮುಗಿಯುವ ಮುಂಚೆ ಬಿಡುವವರು ವರ್ಷಕ್ಕೆ ನೂರಕ್ಕೆ ಐದು ಜನರನ್ನ ಮೀರಬಾರದು ಅಂತಲೂ ಬರೆದಿದ್ದರು. ಆದರೆ 1920ರಿಂದ 1926ರವರೆಗೆ ಸೇನೆಯ ಮುಖ್ಯಸ್ಥನಾಗಿದ್ದ ಹಾನ್ಸ್ ಫಾನ್ ಜೇಕ್ಟ್ ಅದೇ ಷರತ್ತನ್ನ ತಿರುಗಿಸಿ ಬಳಸಿದ. ಹನ್ನೆರಡು ವರ್ಷ ಕೈಯಲ್ಲೇ ಇರುವ ಸೈನಿಕನಿಗೆ ಅವನ ಕೆಲಸದ ಜೊತೆ ಅವನ ಮೇಲಿನವನ ಕೆಲಸವನ್ನೂ ಕಲಿಸಬಹುದು ಅಲ್ವಾ? 1935ರ ಮಾರ್ಚ್ 16ರಂದು ಕಡ್ಡಾಯ ಸೈನಿಕ ಸೇವೆ ವಾಪಸ್ ಬಂದಾಗ ಸೇನೆ ಅಷ್ಟು ಬೇಗ ಹಿಗ್ಗಿದ್ದು ಹೇಗೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಚಾರ್ಟಿನ ಮುಂದೆ ನಿಂತು ನೋಡಿದರೆ ಉತ್ತರ ಕಾಣುತ್ತದೆ. ಅದು ಬರೀ ಒಂದು ರೆಜಿಮೆಂಟ್ ಅಲ್ಲ, ಇನ್ನೂ ಹಲವು ರೆಜಿಮೆಂಟಿಗೆ ಇಟ್ಟ ಹೆಪ್ಪು.

ಕಾಗದ, ಮುದ್ರಣ ಚೆನ್ನಾಗಿವೆ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ನನ್ನ ಚಾರ್ಟ್‌ನ ಕೆಂಪು ಎರಡನೇ ಬೇಸಿಗೆಗೇ ಮಂಕಾಯಿತು. ಪೆಟ್ಟಿಗೆಯ ಮೂಲೆಗಳೂ ಬಿಟ್ಟುಕೊಂಡಿವೆ, ಟೇಪ್ ಹಾಕಿದ್ದೇನೆ.

ಈಗ ತಪ್ಪುಗಳ ವಿಷಯ. ಚಾರ್ಟ್‌ನಲ್ಲಿ 1921ರ ಕಟ್ಟಿನ ಕೆಳಗೆ 14ನೇ ಕಂಪನಿಯನ್ನೂ ತೋರಿಸಿದ್ದಾರೆ, ಟ್ಯಾಂಕ್ ಹೊಡೆಯುವ ತೋಪುಗಳ ಕಂಪನಿ ಅಂತ. ಅದು 1930ರ ದಶಕದಲ್ಲಿ ಸೇನೆ ಹಿಗ್ಗುವಾಗ ಬಂದದ್ದು. 1921ರಲ್ಲಿ ಜರ್ಮನಿಗೆ ಟ್ಯಾಂಕ್ ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ, ಕವಾಯತಿನಲ್ಲಿ ಕಾರಿಗೆ ರಟ್ಟು ಕಟ್ಟಿ ಟ್ಯಾಂಕ್ ಅಂತ ಓಡಿಸುತ್ತಿದ್ದರು. ಹೊಸಬರು ಇದನ್ನ ನಂಬಿಬಿಡುತ್ತಾರೆ. ನಾನೂ ಒಂದು ವರ್ಷ ನಂಬಿದ್ದೆ. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ.

ಆದರೆ ಸ್ಟಾರ್ ಕಳೆದದ್ದು ಅದಕ್ಕಲ್ಲ.

ಮೂರನೇ ವರ್ಷ ಒಂದು ಶನಿವಾರ ಕಾರ್ಡ್‌ಗಳನ್ನ ಚೀಲಕ್ಕೆ ಹಾಕಿಕೊಂಡು ರೈಲಿನಲ್ಲಿ ಪಾಟ್ಸ್‌ಡಾಮ್‌ಗೆ ಹೋದೆ. ರೆಜಿಮೆಂಟಿನ ಬ್ಯಾರಕ್ ಇದ್ದ ಬೀದಿಗೆ ಈಗ ಹೆನ್ನಿಂಗ್ ಫಾನ್ ಟ್ರೆಸ್ಕೋ ಹೆಸರು. 1926ರಲ್ಲಿ ಈ ರೆಜಿಮೆಂಟಿಗೆ ಸೇರಿದವನು, ಮುಂದೆ ಹಿಟ್ಲರ್‌ನನ್ನ ಕೊಲ್ಲುವ ಸಂಚಿನ ಜೀವಾಳವಾದವನು, 1944ರ ಜುಲೈ 20ರ ಪ್ರಯತ್ನ ವಿಫಲವಾದ ಮರುದಿನ ತಾನೇ ಪ್ರಾಣ ಬಿಟ್ಟವನು. ಆ ಸಂಚಿನಲ್ಲಿದ್ದ ಫ್ರಿಟ್ಜ್-ಡೀಟ್‌ಲೋಫ್ ಫಾನ್ ಡೆರ್ ಶೂಲೆನ್‌ಬುರ್ಗ್, ಆಕ್ಸೆಲ್ ಫಾನ್ ಡೆಮ್ ಬುಶೆ ಕೂಡ ಇದೇ ರೆಜಿಮೆಂಟಿನವರು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಗ್ಯಾರಿಸನ್ ಚರ್ಚ್ ಇದ್ದ ಜಾಗ. 1933ರ ಮಾರ್ಚ್ 21ರಂದು ಅಲ್ಲಿ ಹೊಸ ಸಂಸತ್ತಿನ ಉದ್ಘಾಟನೆ ನಡೆಯಿತು, ಆಗಿನ ರಾಷ್ಟ್ರಪತಿ ಹಿಂಡೆನ್‌ಬುರ್ಗ್ ಮತ್ತು ಹಿಟ್ಲರ್ ಕೈ ಕುಲುಕಿದರು, ಈ ರೆಜಿಮೆಂಟ್ ಮೆರವಣಿಗೆ ಮಾಡಿತು. ಎರಡೇ ದಿನಕ್ಕೆ ಹಿಟ್ಲರ್‌ಗೆ ಸರ್ವಾಧಿಕಾರ ಕೊಟ್ಟ ಕಾನೂನು ಪಾಸಾಯಿತು. ಆಗ ರೆಜಿಮೆಂಟಿನ ಕಮಾಂಡರ್ ಆಗಿದ್ದ ಎರ್ನ್ಸ್ಟ್ ಬುಷ್ ಕೊನೆಯವರೆಗೂ ಹಿಟ್ಲರ್‌ಗೆ ನಿಷ್ಠನಾಗಿದ್ದು ಫೀಲ್ಡ್ ಮಾರ್ಷಲ್ ಆದ.

ಅಲ್ಲೇ ಬೆಂಚಿನ ಮೇಲೆ ಕೂತು ಪುಸ್ತಿಕೆ ತೆರೆದೆ. ಮಾರ್ಚ್ 21ಕ್ಕೆ ಒಂದು ಫೋಟೋ, ಕೆಳಗೆ ಒಂದು ಸಾಲು: ರೆಜಿಮೆಂಟ್ ಮೆರವಣಿಗೆಯಲ್ಲಿ. ಅಷ್ಟೇ. ಟ್ರೆಸ್ಕೋ ಹೆಸರೂ ಇಲ್ಲ, ಬುಷ್ ಹೆಸರೂ ಇಲ್ಲ. ಸೇನೆಯ ಅಧಿಕಾರಿಗಳಲ್ಲಿ ಜಮೀನ್ದಾರಿ ಮನೆತನದವರು ಇಲ್ಲಿ ತುಂಬಿದ್ದರಿಂದ ಜನ ಇದನ್ನ 'ಕೌಂಟ್ ಒಂಬತ್ತು' (ಕೌಂಟ್ ಅಂದರೆ ಯುರೋಪಿನ ಶ್ರೀಮಂತರ ಒಂದು ಬಿರುದು) ಅಂತ ಕರೆಯುತ್ತಿದ್ದದ್ದನ್ನ, ಹಳೆಯ ರಾಜ ಕಾವಲು ದಳದ ಪರಂಪರೆ ಈ ರೆಜಿಮೆಂಟಿಗೆ ಬಂದದ್ದನ್ನ ಎರಡು ಪುಟ ಹಿಗ್ಗಿ ಬರೆದಿದ್ದಾರೆ. ಒಂದೇ ಊಟದ ಮನೆಯಲ್ಲಿ ಕೂತು ಉಂಡವರಲ್ಲಿ ಒಬ್ಬ ಆ ಕಡೆ, ಒಬ್ಬ ಈ ಕಡೆ ಯಾಕೆ ಹೋದ ಅನ್ನೋದನ್ನ ಮಾತ್ರ ಬರೆದಿಲ್ಲ. ನನಗೆ ನಿಜವಾಗಲೂ ಬೇಜಾರಾಯಿತು. ಮಷಿನ್ ಗನ್ ಲೆಕ್ಕ ಇಷ್ಟು ಸರಿಯಾಗಿ ಕೊಡುವವರಿಗೆ ಮನುಷ್ಯರ ಲೆಕ್ಕ ಕೊಡಲು ಜಾಗ ಇರಲಿಲ್ಲವೇ?

ಕೊಳ್ಳಬೇಕಾ ಅಂತ ಕೇಳಿದರೆ, ಹೌದು, ಕೊಳ್ಳಿ. ಸೇನೆಯ ಕಟ್ಟು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ಸಾಮಾನು ನಾನು ನೋಡಿಲ್ಲ. ಜರ್ಮನ್ ಅಷ್ಟಾಗಿ ಬರದಿದ್ದರೂ ಚಾರ್ಟ್ ಅರ್ಥವಾಗುತ್ತದೆ, ಪುಸ್ತಿಕೆಗೆ ಮಾತ್ರ ಭಾಷೆ ಬೇಕು. 14ನೇ ಕಂಪನಿಯ ಚೌಕಕ್ಕೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದುಕೊಳ್ಳಿ. ನಾನು ಚಾರ್ಟ್ ಪಕ್ಕದಲ್ಲೇ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ, ರೆಜಿಮೆಂಟಿನವರ ಹೆಸರು, ಸೇರಿದ ವರ್ಷ, ಮುಂದೆ ಏನಾದರು ಅಂತ ಬರೆಯಲು. ಕಳೆದ ವಾರ ಸೇರಿಸಿದ್ದು ರಿಚರ್ಡ್ ಫಾನ್ ವೈಟ್ಸೆಕರ್: 1938ರಲ್ಲಿ ಸೇರಿದ, 1984ರಲ್ಲಿ ಪಶ್ಚಿಮ ಜರ್ಮನಿಯ ರಾಷ್ಟ್ರಪತಿಯಾದ. ಅವರ ಕೆಳಗಿನ ಸಾಲಿನಲ್ಲಿ ಅಣ್ಣ ಹೈನ್‌ರಿಶ್, ಅದೇ ರೆಜಿಮೆಂಟ್, 1939ರ ಸೆಪ್ಟೆಂಬರ್ 2ರಂದು ಪೋಲೆಂಡಿನಲ್ಲಿ ಸತ್ತ.