ಹೊತ್ತು ನೋಡಿ ಹೋಗ್ರಿ: ಹುಬ್ಬಳ್ಳಿಯಲ್ಲಿ 14 ವರ್ಷ ಹೊರಗೆ ಉಂಡವನ ವಿಮರ್ಶೆ

ಊರಿನಿಂದ ಯಾರಾದರೂ ಫೋನ್ ಮಾಡಿ ‘ಹುಬ್ಬಳ್ಳಿಗೆ ಬರಾಕತ್ತೀವಿ, ಎಲ್ಲಿ ತಿನ್ನೂಣು?’ ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ, ‘ಎಷ್ಟಕ್ಕ ಇಳೀತೀರಿ?’

ನಾನು ಬ್ಯಾಡಗಿ ಕಡೆಯವ. 2011ರಲ್ಲಿ ನೌಕರಿಗೆಂದು ಇಲ್ಲಿಗೆ ಬಂದೆ. ಮೊದಲ ಆರು ವರ್ಷ ರೂಮಿನಲ್ಲಿ ಒಲೆ ಇರಲಿಲ್ಲ. ಮದುವೆಯಾದ ಮೇಲೆ ಒಲೆ ಬಂತು, ಹೊರಗೆ ತಿನ್ನುವ ಚಟ ಮಾತ್ರ ಹೋಗಲಿಲ್ಲ. ಒಂದೊಂದು ಹೋಟೆಲ್ಲಿಗೆ ಚುಕ್ಕಿ ಕೊಡುವ ವಿಮರ್ಶೆಗಳನ್ನು ನಾನೂ ಓದುತ್ತೇನೆ, ಆದರೆ ನಂಬುವುದು ಬಿಟ್ಟು ಭಾಳ ದಿನ ಆಯಿತು. ಅದೇ ಗಾಡಿಯ ಮಿರ್ಚಿ ಸಂಜೆ ಆರಕ್ಕೆ ಒಂದು ರುಚಿ, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಆರಕ್ಕೆ ತಿಂದವ ಐದು ಚುಕ್ಕಿ ಕೊಡುತ್ತಾನೆ, ಒಂಬತ್ತಕ್ಕೆ ತಿಂದವ ಒಂದು. ಇಬ್ಬರೂ ಸುಳ್ಳು ಹೇಳಿರುವುದಿಲ್ಲ.

ಮೊದಲು ಖಾನಾವಳಿ. ಹೋಗುವುದಾದರೆ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳಬೇಕು. ಜೋಳಕ್ಕೆ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಕುದಿಯುವ ನೀರು ಹಾಕಿ ನಾದಿದರಷ್ಟೇ ಹಿಟ್ಟಿಗೆ ಜಿಗಿ ಬರುತ್ತದೆ. ಹಿಟ್ಟು ಆರಿದ ಮೇಲೆ ಬಡಿದರೆ ಅಂಚು ಸೀಳುತ್ತದೆ. ಹಾಗಾಗಿ ತಾಟಿಗೆ ಬಿದ್ದ ರೊಟ್ಟಿಯ ಅಂಚು ನೋಡಿದರೆ ಸಾಕು, ಅಡುಗೆಮನೆಯಲ್ಲಿ ಏನು ನಡೆದಿದೆ ಅನ್ನುವುದು ತಿಳಿಯುತ್ತದೆ. ಎರಡೂವರೆ ದಾಟಿದರೆ ಸಿಗುವುದು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟದ್ದು. ಅದು ಬಿಸಿ ರೊಟ್ಟಿಯೂ ಅಲ್ಲ, ಖಡಕ್ ರೊಟ್ಟಿಯೂ ಅಲ್ಲ, ತೊಗಲು. ಅಷ್ಟು ತಡವಾಗಿದ್ದರೆ ಖಡಕ್ ರೊಟ್ಟಿಯನ್ನೇ ಕೇಳಿ. ಅದಕ್ಕೆ ಹೊತ್ತಿನ ಹಂಗಿಲ್ಲ. ಮುರಿದು ಮೊಸರಿಗೆ ಹಾಕಿ, ಮೇಲೆ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಉದುರಿಸಿಕೊಂಡರೆ ಅದೇ ಒಂದು ಊಟ.

ಹಿಂಡಿಯ ಮಾತು ಬಂತಲ್ಲ, ಖಾನಾವಳಿಯನ್ನು ನಾನು ಎಣ್ಣೆಗಾಯಿಯಿಂದ ಅಳೆಯುವುದಿಲ್ಲ, ಹಿಂಡಿಯಿಂದ ಅಳೆಯುತ್ತೇನೆ. ಬದನೆಕಾಯಿಗೆ ಎಣ್ಣೆ, ಶೇಂಗಾ, ಗುರೆಳ್ಳು ಸುರಿದರೆ ಯಾರು ಮಾಡಿದರೂ ರುಚಿಯಾಗುತ್ತದೆ. ಕುಟ್ಟಿದ ಶೇಂಗಾ ಹಿಂಡಿ ಎಣ್ಣೆ ಬಿಟ್ಟು ಬೆರಳಿಗೆ ಅಂಟುತ್ತದೆ, ಮಿಕ್ಸರಿಗೆ ಹಾಕಿ ಒಂದು ಸುತ್ತು ತಿರುಗಿಸಿದ್ದು ಮರಳಿನ ಹಾಗೆ ಉದುರುತ್ತದೆ. ಅಗಸಿ ಚಟ್ನಿ ಇಟ್ಟಿದ್ದರೆ ಇನ್ನರ್ಧ ಮಾರ್ಕು. ಇನ್ನು ಕೆಂಪು ಖಾರ. ಬ್ಯಾಡಗಿಯವನಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ನಮ್ಮ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕದ್ದು ನಾನು ಊರು ಬಿಟ್ಟ 2011ರಲ್ಲೇ. ಅದರ ಗುಣ ಬಣ್ಣ, ಉರಿಯಲ್ಲ. ಪಲ್ಯ ಕೆಂಪಗಿದ್ದು ಗಂಟಲು ಸುಟ್ಟರೆ ಒಳಗೆ ಬೇರೆ ಮೆಣಸಿನಕಾಯಿ ಬಿದ್ದಿದೆ ಅಂತ ಲೆಕ್ಕ.

ಬಂದ ಹೊಸದರಲ್ಲಿ ತಾಟಿಗೆ 40 ರೂಪಾಯಿ ಕೊಟ್ಟ ನೆನಪು, ರೊಟ್ಟಿ ಬೇಕಾದಷ್ಟು. ಈಗ ನಾನು ಹೋಗುವ ಕಡೆ 120, ರೊಟ್ಟಿ ಎರಡು, ಮೂರನೆಯದಕ್ಕೆ ಬೇರೆ ದುಡ್ಡು. ದರ ಏರಿದ್ದಕ್ಕೆ ನನ್ನ ತಕರಾರಿಲ್ಲ. ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಕೈಗಳಿಗೆ ಪಗಾರ ಏರಲೇಬೇಕು. ಆದರೆ ಬಡಿಸುವ ಹುಡುಗ ತಾಟಿನ ಮುಂದೆ ನಿಂತು ಗಟ್ಟಿಯಾಗಿ ‘ಇದು ಮೂರನೇದ್ರಿ’ ಅಂತ ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ತಿಂಗಳ ಕೂಪನ್ ಬಗ್ಗೆ ಒಂದು ಎಚ್ಚರಿಕೆ. ಒಂದು ಖಾನಾವಳಿಯಲ್ಲಿ ಸಾಲಾಗಿ ಎರಡು ವರ್ಷ ತಗೊಂಡೆ, ತೊಂದರೆ ಇರಲಿಲ್ಲ. ಆಮೇಲೊಂದು ಸೋಮವಾರ ಹೋದರೆ ಶಟರ್ ಇಳಿದಿತ್ತು. ಮರುದಿನವೂ ಹಾಗೇ. ನನ್ನ ಕಿಸೆಯಲ್ಲಿ 23 ಕೂಪನ್ ಉಳಿದವು, ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಹತ್ತು ದಿನದ್ದಕ್ಕಿಂತ ಹೆಚ್ಚು ತಗೋಬೇಡಿ.

ಸಾವಜಿ ಊಟದ (ಸಾವಜಿ ಸಮುದಾಯದ ಖಾರದ ಮಾಂಸದೂಟ) ಬಗ್ಗೆ ಬರೆಯಲು ನನಗೆ ಅರ್ಹತೆ ಕಡಿಮೆ, ವರ್ಷಕ್ಕೆ ನಾಲ್ಕೈದು ಸಲ ಅಷ್ಟೇ. ಹುಬ್ಬಳ್ಳಿಯಲ್ಲೂ ಇದೆ, ಗದಗ-ಬೆಟಗೇರಿಯಲ್ಲೂ ಇದೆ. ನಾನು ಗದಗಿಗೆ ಕೆಲಸವಿದ್ದ ದಿನ ಅಲ್ಲೇ ಮುಗಿಸಿಕೊಂಡು ಬರುತ್ತೇನೆ. ಮೊದಲ ಸಲ ಹೋಗುವವರು ರಸವನ್ನು ಒಮ್ಮೆಲೆ ಅನ್ನಕ್ಕೆ ಸುರಿದುಕೊಳ್ಳಬೇಡಿ, ಚಮಚದಲ್ಲಿ ರುಚಿ ನೋಡಿ. ಪೇಢೆಗೆ ಧಾರವಾಡದ ಲೈನ್ ಬಜಾರಿಗೆ ಹೋಗುವವರು ಮುಂಜಾನೆಯೇ ಹೋಗಿ. ಸಂಜೆ ಚಿಗರಿ ಬಸ್ಸಿನಲ್ಲಿ ಆರಾಮಾಗಿ ಇಳಿದು, ಖಾಲಿ ತಟ್ಟೆ ನೋಡಿ ತಿರುಗಿ ಬಂದದ್ದು ನನಗೆ ಮೂರು ಸಲ ಆಗಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿ ಪ್ಯಾಟಿಯ ದುರ್ಗದ ಬೈಲು, ಸಂಜೆ.

ಗಿರ್ಮಿಟ್ಟನ್ನು ಭೇಲ್‌ಪುರಿಯ ತಮ್ಮ ಅಂದುಕೊಂಡವರಿಗೆ ನನ್ನ ವಿನಂತಿ, ಒಮ್ಮೆ ಅದರ ಗೊಜ್ಜು ನೋಡಿ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬೆಂದು, ಹುಣಸೆಹುಳಿ, ಬೆಲ್ಲ ಕೂಡಿ ಪಾತ್ರೆಯಲ್ಲಿ ಹೊಳೆಯುತ್ತಿರುತ್ತದೆ. ಚುರುಮುರಿಗೆ, ಅಂದರೆ ಮಂಡಕ್ಕಿಗೆ, ಅದನ್ನು ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪುಟಾಣಿ ಹಿಟ್ಟಿನ ಕೆಲಸ ರುಚಿಗಷ್ಟೇ ಅಲ್ಲ. ಗೊಜ್ಜಿನ ಎಣ್ಣೆ, ನೀರನ್ನು ಅದು ಹೀರಿಕೊಂಡು ಚುರುಮುರಿಯನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಸ್ವಲ್ಪ ಅಂದರೆ ಐದು ನಿಮಿಷ. ಆದ್ದರಿಂದ ಗಿರ್ಮಿಟ್ ನಿಂತು ತಿನ್ನುವ ಪದಾರ್ಥ. ಲಾಕ್‌ಡೌನ್ ಮುಗಿದ ಮೇಲೆ ಒಮ್ಮೆ ಆ್ಯಪಿನಲ್ಲಿ ತರಿಸಿದ್ದೆ, ನಲವತ್ತು ನಿಮಿಷಕ್ಕೆ ಬಂತು. ಡಬ್ಬಿ ತೆಗೆದ ನನ್ನ ಹೆಂಡತಿ ‘ಸೂಸಲ ಯಾಕ ತರಿಸಿದ್ರಿ?’ ಅಂದಳು. ಸೂಸಲ ಅಂದರೆ ನೆನೆಸಿದ ಚುರುಮುರಿಯ ಒಗ್ಗರಣೆ. ಮನೆಗೇ ಬೇಕಾದರೆ ಗೊಜ್ಜು ಬೇರೆ, ಚುರುಮುರಿ ಬೇರೆ ಕಟ್ಟಿಸಿಕೊಳ್ಳಿ. ಜಡಿಮಳೆಯ ದಿನಗಳಲ್ಲಂತೂ ಆಸೆ ಬಿಡಿ, ಗಾಳಿಯ ತೇವಕ್ಕೇ ಚುರುಮುರಿ ಜೀವ ಬಿಟ್ಟಿರುತ್ತದೆ.

ಮೊದಲು ಹಳೆ ಪೇಪರಿನ ಮೇಲೆ ಕೊಡುತ್ತಿದ್ದರು. 2018ರ ಪ್ಯಾಕೇಜಿಂಗ್ ನಿಯಮ ಮುದ್ರಿತ ಪೇಪರಿನಲ್ಲಿ ತಿನಿಸು ಕೊಡಬಾರದು ಅನ್ನುತ್ತದೆ, ಆದರೂ ಕೆಲವರು ಮಿರ್ಚಿಯನ್ನು ಈಗಲೂ ಅದರಲ್ಲೇ ಸುತ್ತುತ್ತಾರೆ. ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ. ನಾನು ಸ್ಟೀಲ್ ತಾಟು ಕೇಳಿ ಪಡೆಯುತ್ತೇನೆ, ಇಲ್ಲ ಅಂದರೆ ಮುಂದಿನ ಗಾಡಿ.

ಮಿರ್ಚಿ ಮಾತ್ರ ಬೇಗ ತಿನ್ನಬೇಕು. ಆರು ಗಂಟೆಗೆ ಎಣ್ಣೆ ಹೊಸದು, ಕಡಲೆಹಿಟ್ಟಿನ ಮೈ ಬಂಗಾರದ ಬಣ್ಣ, ಅಜವಾನದ ವಾಸನೆ ಮೂಗಿಗೆ ಬಡಿಯುತ್ತದೆ. ಎಂಟರ ಹೊತ್ತಿಗೆ ಉದುರಿದ ಹಿಟ್ಟಿನ ಕಾಳು ಬಾಣಲೆಯಲ್ಲಿ ಕರಕಾಗಿ ಎಣ್ಣೆ ಕಪ್ಪಾಗುತ್ತದೆ, ಮಿರ್ಚಿಯೂ ಅದೇ ಬಣ್ಣ. ಆದರೆ ಗೊಜ್ಜಿನ ಲೆಕ್ಕ ಉಲ್ಟಾ. ಸಂಜೆಯ ಗೊಜ್ಜು ನೀರು ನೀರು. ಸಣ್ಣ ಉರಿಯ ಮೇಲೆ ಕೂತೂ ಕೂತೂ ರಾತ್ರಿ ಎಂಟೂವರೆಗೆ ತಳದಲ್ಲಿ ಉಳಿದದ್ದು ಬೆಲ್ಲ, ಹುಣಸೆ ಒಂದಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇದು ಗೊತ್ತಾಗಲು ನನಗೆ ಎಂಟು ವರ್ಷ ಬೇಕಾಯಿತು, ಅದೂ ಬಸ್ ತಪ್ಪಿದ ಒಂದು ರಾತ್ರಿಯ ಪುಣ್ಯದಿಂದ.

ಹೀಗಾಗಿ ಈಗ ನಾನು ದುರ್ಗದ ಬೈಲಿಗೆ ಹೋದ ದಿನ ಒಂದೇ ಗಾಡಿಗೆ ಎರಡು ಸಲ ಹೋಗುತ್ತೇನೆ. ಆರಕ್ಕೆ ಎರಡು ಮಿರ್ಚಿ ತಿಂದು, ಪ್ಯಾಟಿಯಲ್ಲಿ ಸುಮ್ಮನೆ ಸುತ್ತಿ, ಎಂಟೂವರೆಗೆ ಮತ್ತೆ ಅಲ್ಲೇ ನಿಲ್ಲುತ್ತೇನೆ. ಗಾಡಿಯವ ಈಗ ಏನೂ ಕೇಳುವುದಿಲ್ಲ. ನನ್ನನ್ನು ನೋಡಿದ ಕೂಡಲೇ ಸೌಟು ಪಾತ್ರೆಯ ತಳಕ್ಕೆ ಇಳಿಸುತ್ತಾನೆ.