ಸ್ಟೀಲ್ ಪ್ಯಾರಪೆಟ್ ಡಿಸೈನ್ ಮಾಡಿಸಿದ್ದು: ಫೀಸ್ ಜಾಸ್ತಿ, ಕೆಲಸ ಗಟ್ಟಿ

ಬೆಂಗಳೂರಿನ ನಮ್ಮ ಅಂಗಡಿ ಕಟ್ಟಡಕ್ಕೆ ಲೈಟ್ ಗೇಜ್ (ತೆಳು ತಗಡಿನ) ಸ್ಟೀಲ್ ಪ್ಯಾರಪೆಟ್, ಅಂದರೆ ತಾರಸಿ ಅಂಚಿನ ಗಿಡ್ಡ ಗೋಡೆ ಬೇಕಿತ್ತು. ಫ್ಯಾಬ್ರಿಕೇಟರ್ ಸುಮ್ನೆ ಸ್ಲ್ಯಾಬ್ ಮೇಲೆ ಟ್ರ್ಯಾಕ್ (ಬುಡದ ತಗಡಿನ ಪಟ್ಟಿ) ಕೂರಿಸಿ, ನೆಟ್ಟಗೆ ನಿಲ್ಲುವ ಉಕ್ಕಿನ ಕಂಬಿಯಾದ ಸ್ಟಡ್‌ಗೆ ಸ್ಕ್ರೂ ಹೊಡೆದರೆ ಸಾಕು ಅಂದರು. ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಲಿಲ್ಲ. ಪ್ಯಾರಪೆಟ್‌ಗೆ ಮೇಲ್ಗಡೆ ಆಸರೆಯೇ ಇಲ್ಲ, ಅಲ್ವಾ? ಗಾಳಿಯ ಹೊಡೆತವೆಲ್ಲ ಬುಡಕ್ಕೇ ಬೀಳುತ್ತದೆ, ಎತ್ತರ ಎರಡು ಪಟ್ಟಾದರೆ ಅಲ್ಲಿನ ಬೆಂಡಿಂಗ್ ಮೊಮೆಂಟ್ (ಬಗ್ಗಿಸುವ ಹೊರೆ) ನಾಲ್ಕು ಪಟ್ಟಾಗುತ್ತದೆ, ತೆಳು ಟ್ರ್ಯಾಕ್ ತಡೆಯುವುದಿಲ್ಲ ಎಂದು ಲೆಕ್ಕ ಹಾಕಿಯೇ ತೋರಿಸಿದರು. ಗಾಳಿಯ ಹೊರೆ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875 ಭಾಗ 3ರ ಪ್ರಕಾರ ಬೆಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಎದುರಿನ ಒತ್ತಡದ ಜೊತೆ ಹಿಂಬದಿಯ ಎಳೆತವನ್ನೂ ಸೇರಿಸಿದರು. ಕೊನೆಗೆ ಕೆಳಗಿನ ಗೋಡೆಯ ಸ್ಟಡ್‌ಗಳನ್ನೇ ಸ್ಲ್ಯಾಬ್ ಅಂಚಿನ ಹೊರಗಿನಿಂದ ತುಂಡು ಮಾಡದೆ ಮೇಲಕ್ಕೆ ಒಯ್ದರು. ಈ ಐಡಿಯಾ ನನಗೆ ತುಂಬಾ ಹಿಡಿಸಿತು. ಡ್ರಾಯಿಂಗ್ ಮಾತ್ರ ತಡ, ಫೋನ್ ಎತ್ತುವುದೂ ಅಪರೂಪ. ನಾಲ್ಕು ಸ್ಟಾರ್.